ಒಂದೇ ತಂದೆ, ನಾಲ್ಕು ಬಾಲ್ಯ

ದಸ್ತಯೇವ್‌ಸ್ಕಿಯ ‘ಕರಮಜೋವ್ ಸಹೋದರರು’ (1880) ಕಾದಂಬರಿಯ ಫ್ಯೋದರ್ ಹೆತ್ತ ಮಕ್ಕಳನ್ನು ಮರೆತೇಬಿಡುತ್ತಾನೆ. ಬೆಳೆದ ಮೇಲೆ ದ್ಮಿತ್ರಿ ಮುಂಗೋಪಿ, ಇವಾನ್ ದೇವರ ಸೃಷ್ಟಿಯನ್ನೇ ಒಪ್ಪದವನು, ಅಲ್ಯೋಶ ಮಠ ಸೇರಿದವನು. ಅದೇ ತಂದೆಗೆ ಹುಟ್ಟಿದವನೆಂದು ಊರು ಆಡಿಕೊಳ್ಳುವ ಸ್ಮೆರ್ದ್ಯಕೋವ್ ಕೊಲೆಗಾರ. ಇದೆಲ್ಲ ಹುಟ್ಟುಗುಣ ಅಥವಾ ಪ್ರಾರಬ್ಧ ಎಂದುಬಿಟ್ಟರೆ ಹೊಡೆದ ಕೈ ಲೆಕ್ಕದಿಂದ ತಪ್ಪಿಸಿಕೊಳ್ಳುತ್ತದೆ. ಕಾದಂಬರಿ ಹಾಗೆ ಬಿಡುವುದಿಲ್ಲ. ದೇವರು ಸೂರ್ಯನನ್ನು ಸೃಷ್ಟಿಸಿದ್ದು ನಾಲ್ಕನೇ ದಿನವಾದರೆ ಮೊದಲ ದಿನ ಬೆಳಕು ಎಲ್ಲಿಂದ ಬಂತು ಎಂದು ಬಾಲಕ ಸ್ಮೆರ್ದ್ಯಕೋವ್ ಕೇಳಿದಾಗ, ಸಾಕಿದ ಆಳು ಗ್ರಿಗೋರಿ ಅವನ ಕೆನ್ನೆಗೆ ಬಾರಿಸುತ್ತಾನೆ; ವಾರ ಕಳೆಯುವಷ್ಟರಲ್ಲಿ ಮೂರ್ಛೆರೋಗ ಕಾಣಿಸಿಕೊಳ್ಳುತ್ತದೆ. ಹಿತ್ತಲಲ್ಲಿ ಬರಿಗಾಲಲ್ಲಿ ಅಲೆಯುತ್ತಿದ್ದ ದ್ಮಿತ್ರಿಗಾದರೋ ವೈದ್ಯನೊಬ್ಬ ತಿನ್ನುವ ಬೀಜಗಳ ಪೊಟ್ಟಣ ಕೊಟ್ಟಿದ್ದ. 23 ವರ್ಷದ ಮೇಲೆ ಅವನು ಅದಕ್ಕೆ ಕೃತಜ್ಞತೆ ಹೇಳಲು ಬರುತ್ತಾನೆ.

ಇವಾನ್, ಅಲ್ಯೋಶ ಒಬ್ಬಳೇ ತಾಯಿಯ ಮಕ್ಕಳು, ಒಂದೇ ಆಶ್ರಯದಲ್ಲಿ ಬೆಳೆದವರು. ಅವರೇಕೆ ಬೇರೆಯಾದರು ಎಂಬ ಆಕ್ಷೇಪ ಗಟ್ಟಿಯಾದದ್ದೇ. ಆದರೆ ಆಶ್ರಯ ಒಂದಾದರೂ ಅನುಭವ ಒಂದಲ್ಲ. ಪರರ ಅನ್ನದ ಋಣ ಇವಾನ್‌ನನ್ನು ಎಳವೆಯಲ್ಲೇ ಚುಚ್ಚಿತು. ಅಲ್ಯೋಶನಿಗೆ ಅದರ ಪರಿವೆಯೇ ಇರಲಿಲ್ಲ, ತಾಯಿ ತನ್ನನ್ನು ದೇವರ ಪಟದ ಮುಂದೆ ಎತ್ತಿಹಿಡಿದ ನೆನಪಿತ್ತು. ಗಾಯವೇನೂ ಕೊಲೆಗೆ ಪರವಾನಗಿಯಲ್ಲ, ನಿಜ. ಆದರೂ ಅಲ್ಯೋಶನನ್ನು ತೋರಿಸಿ ಉಳಿದವರನ್ನು ಹಳಿಯುವ ಹಕ್ಕು ಯಾರಿಗೂ ಇಲ್ಲ. ಮಕ್ಕಳ ಕಣ್ಣೀರಿಗೆ ದೇವರಲ್ಲೇ ಲೆಕ್ಕ ಕೇಳುವ ಇವಾನ್‌ನ ಸಿಟ್ಟು, ನನಗಂತೂ, ತಮ್ಮನ ಭಕ್ತಿಯಷ್ಟೇ ಧಾರ್ಮಿಕವಾದದ್ದು.