ಪೈಪೋಟಿಯಿಲ್ಲದ ಗೆಲುವು

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ ಅವರ ಕೈಯಿಂದ ಕಂಚು ಜಾರಿದ್ದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ. ಕ್ರೀಡಾ ಆಡಳಿತದ ಅತಿ ದೊಡ್ಡ ಕುರ್ಚಿ ಮಾತ್ರ ಅವರಿಗೆ ಓಡದೆಯೇ ದಕ್ಕಿತು. 2022ರ ಡಿಸೆಂಬರ್ 10ರಂದು ದೆಹಲಿಯಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆಯ ಚುನಾವಣೆ ನಡೆದಾಗ ಅಧ್ಯಕ್ಷ ಸ್ಥಾನದ ಕಣದಲ್ಲಿ ಅವರೊಬ್ಬರೇ ಇದ್ದರು. ಆ ಕುರ್ಚಿಯಲ್ಲಿ ಕೂತ ಮೊದಲ ಮಹಿಳೆ ಅವರು.

ಅದೇ ದೆಹಲಿಯಲ್ಲಿ, 1982ರ ಏಷ್ಯನ್ ಗೇಮ್ಸ್‌ನಲ್ಲಿ, ಹದಿನೆಂಟರ ಹುಡುಗಿ 100 ಮತ್ತು 200 ಮೀಟರ್ ಓಟಗಳಲ್ಲಿ ಬೆಳ್ಳಿ ಗೆದ್ದಿದ್ದಳು. ಆಮೇಲೆ ಸೋಲ್‌ನಲ್ಲಿ ನಾಲ್ಕು ಚಿನ್ನ, ಕೇರಳದಲ್ಲಿ ಸ್ವಂತ ಓಟದ ಶಾಲೆ. ಹಾಗಾಗಿ ಎಲ್ಲರಿಗೂ ಸಮಾಧಾನವಾಯಿತು. ಸುಪ್ರೀಂ ಕೋರ್ಟ್ ನೇಮಿಸಿದ ನಿವೃತ್ತ ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್ ಸಂಸ್ಥೆಯ ನಿಯಮಾವಳಿಯನ್ನೇ ತಿದ್ದಿ ಬರೆದಿದ್ದರು. ರಾಜಕಾರಣಿಗಳ ಕಾಲ ಮುಗಿಯಿತು, ಇನ್ನು ಆಡಿದವರ ಕಾಲ ಎಂಬ ಮಾತು ಎಲ್ಲೆಡೆ ಕೇಳುತ್ತಿತ್ತು. (ಅದೇ ವರ್ಷ ಜುಲೈನಲ್ಲಿ ಅವರು ರಾಜ್ಯಸಭೆಗೆ ನಾಮಕರಣಗೊಂಡಿದ್ದನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ಹಿಡಿಯಲಿಲ್ಲ.)

ಪರೀಕ್ಷೆ ಬರಲು ತಿಂಗಳೆರಡು ಬೇಕಾಗಲಿಲ್ಲ. 2023ರ ಜನವರಿಯಲ್ಲಿ ವಿನೇಶ್ ಫೋಗಟ್, ಸಾಕ್ಷಿ ಮಲಿಕ್, ಬಜರಂಗ್ ಪೂನಿಯಾ ಮೊದಲಾದ ಪೈಲ್ವಾನರು ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ಕುಸ್ತಿ ಫೆಡರೇಷನ್ನಿನ ಆಗಿನ ಅಧ್ಯಕ್ಷರ ಮೇಲೆ ಲೈಂಗಿಕ ಕಿರುಕುಳದ ಆರೋಪ ಹೊರಿಸಿ ಉಷಾ ಅವರಿಗೇ ಪತ್ರ ಬರೆದರು. ಒಲಿಂಪಿಕ್ ಸಂಸ್ಥೆ ಏಳು ಜನರ ಸಮಿತಿ ಮಾಡಿತು. ಪೈಲ್ವಾನರು ಮೂರು ತಿಂಗಳು ಕಾದು, ಏಪ್ರಿಲ್ 23ರಂದು ಮತ್ತೆ ಅದೇ ಜಾಗಕ್ಕೆ ಬಂದರು. ನಾಲ್ಕು ದಿನ ಕಳೆದ ಮೇಲೆ ಉಷಾ ಅವರ ಮಾತು ಹೊರಬಿತ್ತು: ಬೀದಿಗಿಳಿಯುವುದು ಅಶಿಸ್ತು, ದೇಶದ ಹೆಸರಿಗೆ ಕಳಂಕ, ನಮ್ಮ ಬಳಿಗೆ ಬರಬೇಕಿತ್ತು.

ಅವರು ಬಂದಿದ್ದರಲ್ಲ!

ಈ ಪ್ರಕರಣದಲ್ಲಿ ನನ್ನನ್ನು ಕಾಡುವುದು ಆ ಒಂದು ಮಾತು. ಆಟಗಾರ್ತಿಯಾಗಿ ಬಾಳಿದವರಿಗೆ ಯಾವ ಐಎಎಸ್ ಅಧಿಕಾರಿಗೂ ತಿಳಿಯದ ಸಂಗತಿಯೊಂದು ತಿಳಿದಿರುತ್ತದೆ. ಆಯ್ಕೆಪಟ್ಟಿ, ತರಬೇತಿ ಶಿಬಿರ, ವಿದೇಶದ ಟಿಕೆಟ್ಟು, ಎಲ್ಲವೂ ಯಾರದೋ ಸಹಿಗೆ ಕಾದಿರುವಾಗ ಆ ಸಹಿಯವರ ವಿರುದ್ಧ ಬಾಯಿ ತೆರೆಯುವುದೆಂದರೆ ಏನು ಎಂಬುದು. ಉಷಾ ಅವರನ್ನು ಆ ಕುರ್ಚಿಗೆ ಬಯಸಿದ್ದು ಈ ತಿಳಿವಿಗಾಗಿ. ಮೇ 3ರಂದು ಅವರು ಜಂತರ್ ಮಂತರ್‌ಗೆ ಹೋಗಿ ಬೆಂಬಲದ ಭರವಸೆ ಕೊಟ್ಟರು, ನಿಜ. ಹೋದದ್ದು ದೊಡ್ಡ ಗುಣವೇ. ಆದರೆ ಮೊದಲು ಬಾಯಿಗೆ ಬಂದದ್ದು ಕುರ್ಚಿಯ ಭಾಷೆ.

ಜೀವಮಾನವಿಡೀ ಆಟದೊಳಗಿದ್ದವರಿಗೆ ಸಂಸ್ಥೆ ನಡೆಸುವುದೂ ತಾನಾಗಿ ಬರುತ್ತದೆಂಬ ನಮ್ಮ ನಂಬಿಕೆಯನ್ನೇ ಇಲ್ಲಿ ಅನುಮಾನಿಸಬೇಕು. ಟ್ರ್ಯಾಕಿನಲ್ಲಿ ಪ್ರತಿಯೊಬ್ಬರಿಗೂ ಅವರವರ ಗೆರೆ. ಪಕ್ಕದವರನ್ನು ಒಪ್ಪಿಸುವ ಕೆಲಸವಿಲ್ಲ. ಸಭೆಯಲ್ಲಿ ಇರುವುದೇ ಆ ಕೆಲಸ. ಅವಿರೋಧವಾಗಿ ಗೆದ್ದವರು ಅದನ್ನು ಕುರ್ಚಿಯಲ್ಲಿ ಕೂತ ಮೇಲೆ, ಎಲ್ಲರೂ ನೋಡುತ್ತಿರುವಾಗ ಕಲಿಯಬೇಕಾಗುತ್ತದೆ. 2024ರ ಜನವರಿಯಲ್ಲಿ ಸಿಇಒ ಆಗಿ ರಘುರಾಮ್ ಅಯ್ಯರ್ ಅವರ ನೇಮಕವಾದಾಗ ಕಾರ್ಯಕಾರಿ ಸಮಿತಿಯ ಬಹುಪಾಲು ಸದಸ್ಯರು ತಿರುಗಿ ಬಿದ್ದರು. ಆ ಸಮಿತಿಯಲ್ಲಿ ಗಗನ್ ನಾರಂಗ್, ಯೋಗೇಶ್ವರ್ ದತ್ ಅವರಂಥ ಒಲಿಂಪಿಕ್ ಪದಕದವರೂ ಇದ್ದರು ಎಂಬುದನ್ನು ಮರೆಯಬಾರದು. ಜಗಳ ಹದಿನೆಂಟು ತಿಂಗಳು ಎಳೆಯಿತು. ನಡುವೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ತನ್ನ ನೆರವಿನ ಹಣವನ್ನೂ ತಡೆಹಿಡಿಯಿತು. ಆ ನೇಮಕಕ್ಕೆ ಒಪ್ಪಿಗೆ ಬಿದ್ದದ್ದು 2025ರ ಜುಲೈನಲ್ಲಿ.

ಇದಕ್ಕೆ ಎದುರಾಗಿ ಐರ್ಲೆಂಡಿನ ಕಡೆ ನೋಡಿ. ಹರ್ಲಿಂಗ್ ಮತ್ತು ಗೇಲಿಕ್ ಫುಟ್‌ಬಾಲ್ ಅಲ್ಲಿನ ನೆಲದ ಆಟಗಳು. ಅವನ್ನು ನಡೆಸುವ ಸಂಘ 1884ರದ್ದು, ಆಡುವವರಿಗೆ ಸಂಬಳವಿಲ್ಲ. 2024ರಲ್ಲಿ ಅದರ ಅಧ್ಯಕ್ಷರಾದ ಜಾರ್ಲತ್ ಬರ್ನ್ಸ್ ಒಂದು ಕಾಲಕ್ಕೆ ಅರ್ಮಾ ತಂಡದ ನಾಯಕ. ವೃತ್ತಿಯಲ್ಲಿ ಶಾಲೆಯ ಮುಖ್ಯೋಪಾಧ್ಯಾಯ. ಆಟ ಬಿಟ್ಟ ಮೇಲೆ ಊರಿನ ಕ್ಲಬ್ಬಿನ ಕಾರ್ಯದರ್ಶಿಯಾಗಿ, ಆಟದ ನಿಯಮಗಳ ಸಮಿತಿಯಲ್ಲಿ ಕೂತು ಸವೆದವರು. 2020ರಲ್ಲಿ ಅಧ್ಯಕ್ಷಗಿರಿಗೆ ನಿಂತು ಸೋತು, ಮತ್ತೆ ಪ್ರತಿನಿಧಿಗಳ ಮುಂದೆ ಹೋಗಿ ಮತ ಕೇಳಿದರು. ಬರ್ನ್ಸ್ ಉಷಾ ಅವರಿಗಿಂತ ಒಳ್ಳೆಯ ಮನುಷ್ಯ ಎಂದು ನಾನು ಹೇಳುತ್ತಿಲ್ಲ. ಹಾಗೆ ಅಳೆಯುವುದೇ ತಪ್ಪು. ಸೋಲಿಸುವವರಿದ್ದ ಚುನಾವಣೆ ಅವರಿಗೆ ಸಿಕ್ಕಿತು, ಇವರಿಗೆ ಸಿಗಲಿಲ್ಲ.

ಓಟದಲ್ಲಿ ಉಷಾ ಅವರನ್ನು ಎರಡು ಬಾರಿ ಹಿಂದಿಕ್ಕಿದ ನಮ್ಮ ಕೊಡಗಿನ ಅಶ್ವಿನಿ ನಾಚಪ್ಪ ಬೇರೆ ದಾರಿ ಹಿಡಿದರು. ಕ್ಲೀನ್ ಸ್ಪೋರ್ಟ್ಸ್ ಇಂಡಿಯಾ ಎಂಬ ಸಂಘಟನೆಯ ಮೂಲಕ ಹೊರಗೆ ನಿಂತೇ ಆಡಳಿತಗಾರರಿಗೆ ಪ್ರಶ್ನೆ ಹಾಕಿದರು. ಹೊರಗಿದ್ದವರ ಮಾತು ಚೊಕ್ಕಟವಾಗಿರುವುದು ಸುಲಭ, ಒಪ್ಪುತ್ತೇನೆ. ಆದರೂ ಒಳಗಿದ್ದವರಿಗೆ ಅಂಥವರು ಬೇಕು.

2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಫೆಡರೇಷನ್ನುಗಳ ಕಾರ್ಯಕಾರಿ ಸಮಿತಿಗಳಲ್ಲಿ ಹೆಸರಾಂತ ಆಟಗಾರರಿಗೆ ಜಾಗ ಕಾಯ್ದಿರಿಸಿದೆ. ಒಳ್ಳೆಯದೇ. ಜಿಲ್ಲಾ ಅಥ್ಲೆಟಿಕ್ಸ್ ಸಂಸ್ಥೆಯಲ್ಲಿ ಲೆಕ್ಕಪುಸ್ತಕ ಬರೆದು, ಸಭೆಯಲ್ಲಿ ಬೈಸಿಕೊಂಡು, ಒಮ್ಮೆ ಸೋತು ಆಮೇಲೆ ದೆಹಲಿಗೆ ಹೋಗುವ ಓಟಗಾರ್ತಿಯನ್ನು ಯಾವ ಕಾಯ್ದೆ ತಯಾರು ಮಾಡುತ್ತದೋ ಕಾಣೆ.