ದಿನದ ಧಮ್ಮ ಚಿಂತನ: ಧೂಳಿನಲ್ಲಿ ಮೀಯುವ ಜೀವ



ಧಮ್ಮ ಬಂಧುಗಳೇ,

ಇಂದಿನ ಚಿಂತನದ ಸರದಿ ನನ್ನದು. ಒಂದು ಸುತ್ತದಿಂದಲೋ ಬಾಬಾಸಾಹೇಬರ ಮಾತಿನಿಂದಲೋ ಆರಂಭಿಸುವುದು ನಮ್ಮ ಅಧ್ಯಯನ ಬಳಗದ ರೂಢಿ. ನಾನು ಇಂದು ಒಂದು ಸಣ್ಣ ಪ್ರಾಣಿಯಿಂದ ಆರಂಭಿಸುತ್ತೇನೆ. ಆ ಪ್ರಾಣಿಗೆ ನನ್ನ ಕೈಯಿಂದ ಒಂದು ತಪ್ಪು ನಡೆಯಿತು. ಅದನ್ನು ನಿಮ್ಮೆಲ್ಲರ ಮುಂದೆ ಹೇಳಿಕೊಳ್ಳಬೇಕಾಗಿದೆ.

ಹೋದ ಚಳಿಗಾಲದಲ್ಲಿ ಕಲಬುರಗಿಯಿಂದ ಇಂಗ್ಲೆಂಡಿಗೆ, ಮಗಳ ಮನೆಗೆ ಹೋಗಿದ್ದೆ. ಮೊಮ್ಮಗಳಿಗೆ ಹತ್ತು ವರ್ಷ. ಅವಳು ಸಾಕಿರುವ ಪ್ರಾಣಿಗೆ ಚಿಂಚಿಲ್ಲಾ ಎನ್ನುತ್ತಾರೆ. ಮೊಲಕ್ಕಿಂತ ಚಿಕ್ಕದು. ದುಂಡು ಕಿವಿ, ಉದ್ದ ಮೀಸೆ, ಅಳಿಲಿನಂಥ ಬಾಲ. ಮೈಬಣ್ಣ ಒಲೆಯೊಳಗಿನ ಬೂದಿಯಂತೆ. ಅದಕ್ಕೇ ಮಗಳು ಅದನ್ನು ‘ಬೂದಿ’ ಎಂದು ಕರೆದಳು, ಆ ಹೆಸರೇ ಉಳಿಯಿತು.

ವಾರಕ್ಕೆ ಎರಡು ಮೂರು ಸಂಜೆ ಮೊಮ್ಮಗಳು ಒಂದು ಅಗಲ ಬೋಗುಣಿಯಲ್ಲಿ ಹಿಟ್ಟಿನಂಥ ನುಣುಪು ಪುಡಿ ಹಾಕಿ ಬೂದಿಯ ಗೂಡಿನಲ್ಲಿ ಇಡುತ್ತಿದ್ದಳು. ಅದು ಒಳಗೆ ಹಾರಿ ಬಿದ್ದು ಹೊರಳುವ ಸಂಭ್ರಮ ನೋಡಬೇಕು! ನಾನು ನಕ್ಕು, “ಕತ್ತೆ ಬೂದಿಯೊಳಗ ಹೊರಳಾಡಿದಂಗ ಹೊರಳಾಡ್ತದಲ್ಲ, ಇದೇನು ಸ್ವಚ್ಛ ಆಗೋದು?” ಎಂದೆ. “ಅದೇ ಅದರ ಸ್ನಾನ ಅಜ್ಜಿ” ಎಂದಳು ಹುಡುಗಿ. ನನ್ನ ಮನಸ್ಸು ಒಪ್ಪಲಿಲ್ಲ. ಸ್ನಾನ ಅಂದರೆ ನೀರು. ಧೂಳು ಅಂದರೆ ಹೊಲಸು. ಅರವತ್ತು ದಾಟಿದ ನನಗೆ ಇದನ್ನು ಈ ಮಗು ಹೇಳಿಕೊಡಬೇಕೇ ಎಂದುಕೊಂಡೆ.

ಒಂದು ದಿನ ಮಗಳು, ಅಳಿಯ ಕೆಲಸಕ್ಕೆ, ಮೊಮ್ಮಗಳು ಶಾಲೆಗೆ ಹೋಗಿದ್ದರು. ನಾನು ಉಗುರುಬೆಚ್ಚಗಿನ ನೀರು ತೆಗೆದುಕೊಂಡು, ಮಗುವಿನ ಶಾಂಪೂ ಹಾಕಿ, ಬೂದಿಯನ್ನು ತೊಳೆದೇಬಿಟ್ಟೆ. ಅದು ಕೊಸರಿತು, ನಾನು ಬಿಗಿಯಾಗಿ ಹಿಡಿದೆ. ಒಂದು ಹಿಡಿ ಕೂದಲು ಬುಡಸಮೇತ ನನ್ನ ಕೈಗೆ ಬಂತು. ಗಾಬರಿಯಿಂದ ನೀರಿನಿಂದ ತೆಗೆದು ಒರೆಸಿದೆ. ಎಷ್ಟು ಒರೆಸಿದರೂ ಮೈ ಆರಲಿಲ್ಲ. ಆ ಮುದ್ದೆಯಾದ ಜೀವ ಗೂಡಿನ ಮೂಲೆಯಲ್ಲಿ ಗಡಗಡ ನಡುಗತೊಡಗಿತು.

ಮಗಳಿಗೆ ಫೋನ್ ಮಾಡಿದೆ. ಅವಳು ಓಡಿ ಬಂದಳು. ಪಶುವೈದ್ಯರನ್ನು ಫೋನಿನಲ್ಲಿ ಕೇಳಿಕೊಂಡು, ಕೋಣೆ ಬೆಚ್ಚಗಿಟ್ಟು, ಒಣ ಟವೆಲ್ಲುಗಳನ್ನು ಒಂದಾದ ಮೇಲೊಂದು ಬದಲಿಸಿ, ಹೇರ್ ಡ್ರೈಯರ್‌ನ ತಣ್ಣನೆ ಗಾಳಿಯನ್ನು ದೂರದಿಂದ ಬಿಟ್ಟು, ಮೂರು ತಾಸು ಕೂತಳು. ಬಿಸಿ ಗಾಳಿ ಬಿಡುವಂತಿಲ್ಲ, ಅದೂ ಅಪಾಯ. ಕತ್ತಲಾಗುವ ಹೊತ್ತಿಗೆ ಬೂದಿ ಒಂದು ಹುಲ್ಲಿನ ಎಳೆ ಕಚ್ಚಿತು. ಆಗ ಮನೆಯವರೆಲ್ಲ ಉಸಿರು ಬಿಟ್ಟೆವು. ಮೊಮ್ಮಗಳು ನನ್ನನ್ನು ಬೈಯಲಿಲ್ಲ. “ಅಜ್ಜಿ, ನೀನು ಕೇಳಬೇಕಿತ್ತು” ಎಂದಷ್ಟೇ ಅಂದಳು.

🌿 *ಆ ಜೀವದ ಮೈ ಎಂಥದು?*

ಆಮೇಲೆ ಕೇಳಿದೆ, ಓದಿದೆ. ಚಿಂಚಿಲ್ಲಾದ ಮೂಲ ನೆಲೆ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ. ಒಣ ಗಾಳಿ, ಕಲ್ಲುಬಂಡೆ, ರಾತ್ರಿಯ ಕೊರೆಯುವ ಚಳಿ. ನಮ್ಮ ತಲೆಯಲ್ಲಿ ಒಂದು ರಂಧ್ರದಿಂದ ಒಂದೆರಡು ಕೂದಲು ಬಂದರೆ, ಅದರ ಮೈಯಲ್ಲಿ ಒಂದೇ ರಂಧ್ರದಿಂದ 50ಕ್ಕೂ ಹೆಚ್ಚು ನವಿರು ಕೂದಲು ಹುಟ್ಟುತ್ತವೆ. ನೆಲದ ಮೇಲೆ ಬದುಕುವ ಪ್ರಾಣಿಗಳಲ್ಲಿ ಇಷ್ಟು ದಟ್ಟ ಕೂದಲು ಬೇರೆ ಯಾವುದಕ್ಕೂ ಇಲ್ಲ. ಒಮ್ಮೆ ನೀರು ಹೊಕ್ಕರೆ ಒಳಗೆ ಗಾಳಿಯಾಡದು. ಚರ್ಮ ತೇವವಾಗಿಯೇ ಉಳಿಯುತ್ತದೆ, ಮೈ ತಣ್ಣಗಾಗುತ್ತದೆ, ಬೂಷ್ಟು ರೋಗ ಹತ್ತುತ್ತದೆ. ಅದು ಹೊರಳುವ ನುಣ್ಣನೆ ಪುಡಿ ಕೂದಲಿನ ಬುಡಕ್ಕಿಳಿದು ಜಿಡ್ಡನ್ನೂ ತೇವವನ್ನೂ ಹೀರುತ್ತದೆ. ಮೈ ಕೊಡವಿದರೆ ಎಲ್ಲ ಉದುರುತ್ತದೆ. ನಾನು ಹೊಲಸು ಎಂದುಕೊಂಡಿದ್ದೇ ಅದರ ಸೋಪು, ಅದೇ ಅದರ ನೀರು.

ನನ್ನ ಕೈಗೆ ಬಂದ ಆ ಹಿಡಿ ಕೂದಲು? ಗಿಡುಗನೋ ನರಿಯೋ ಹಿಡಿದಾಗ ಕೂದಲನ್ನು ಬಿಟ್ಟುಕೊಟ್ಟು ಜೀವ ಉಳಿಸಿಕೊಳ್ಳುವುದು ಅದರ ಉಪಾಯ. ಬಂಧುಗಳೇ, ನನ್ನ ಪ್ರೀತಿಯ ಹಿಡಿತ ಅದಕ್ಕೆ ನರಿಯ ಬಾಯಿಯಂತೆ ಕಂಡಿತ್ತು.

ಆ ಕೂದಲೇ ಅದಕ್ಕೆ ಶತ್ರುವೂ ಆಯಿತು. ಒಂದು ಉದ್ದನೆ ಕೋಟು ಹೊಲಿಯಲು ನೂರರ ಆಸುಪಾಸು ಚಿಂಚಿಲ್ಲಾಗಳ ಚರ್ಮ ಬೇಕು. ಸಿರಿವಂತರ ಮೈ ಬೆಚ್ಚಗಿಡಲು ಲಕ್ಷಗಟ್ಟಲೆ ಕೊಂದರು. 1910ರಲ್ಲಿ ಆಂಡೀಸ್ ಸುತ್ತಲಿನ ದೇಶಗಳು ಸೇರಿ ಬೇಟೆ ತಡೆಯಲು ಒಪ್ಪಂದ ಮಾಡಿಕೊಂಡವು. ಅಷ್ಟರಲ್ಲಿ ಕಾಡಿನಲ್ಲಿ ಉಳಿದದ್ದು ಬೆರಳೆಣಿಕೆಯಷ್ಟೇ. 1923ರಲ್ಲಿ ಚಾಪ್‌ಮನ್ ಎಂಬ ಗಣಿ ಎಂಜಿನಿಯರ್ ಚಿಲಿಯಿಂದ ಹನ್ನೊಂದನ್ನು ಕ್ಯಾಲಿಫೋರ್ನಿಯಾಕ್ಕೆ ಸಾಗಿಸಿದ. ಅದೂ ಚರ್ಮದ ವ್ಯಾಪಾರಕ್ಕೇ. ಇಂದು ಮನೆಗಳಲ್ಲಿರುವ ಚಿಂಚಿಲ್ಲಾಗಳು ಬಹುಪಾಲು ಅವುಗಳ ಸಂತತಿ. ಕಾಡಿನಲ್ಲಿ ಉಳಿದವು ಇಂದಿಗೂ ಅಳಿವಿನ ಅಂಚಿನಲ್ಲಿವೆ.

💧 *ನನ್ನ ನೀರು ಎಲ್ಲಿಂದ ಬಂತು?*

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮವ್ವ ನೆನಪಾದಳು.

ನಮ್ಮೂರ ದೊಡ್ಡ ಬಾವಿಗೆ ನಾವು ಕೊಡ ಇಳಿಸುವಂತಿರಲಿಲ್ಲ. ಯಾರಾದರೂ ಸೇದಿ ಮೇಲಿನಿಂದ ಹೊಯ್ಯುವವರೆಗೆ ಅವ್ವ ಬಿಸಿಲಿನಲ್ಲಿ ನಿಲ್ಲುತ್ತಿದ್ದಳು. ಹಾಗೆ ಬೇಡಿ ತಂದ ನೀರಿನಲ್ಲಿ ಅವಳಿಗೆ ಕುಡಿಯಲು ಕಡಿಮೆ ಬಿದ್ದರೂ ನನ್ನ ಸ್ನಾನಕ್ಕೆ ಕಡಿಮೆ ಬೀಳುತ್ತಿರಲಿಲ್ಲ. ಇಟ್ಟಿಗೆ ಚೂರಿನಿಂದ ಮೊಣಕೈ, ಹಿಮ್ಮಡಿ, ಕುತ್ತಿಗೆ ತಿಕ್ಕುತ್ತಿದ್ದಳು. ಉರಿಯುತ್ತದೆ ಎಂದು ಅತ್ತರೆ, “ಅಳಬ್ಯಾಡ. ಸಾಲ್ಯಾಗ ನಿನಗ ಹೊಲಸು ಅನಬಾರದು” ಅನ್ನುತ್ತಿದ್ದಳು. ಅಷ್ಟು ತಿಕ್ಕಿಸಿಕೊಂಡು ಹೋದರೂ ಮಾಸ್ತರರು ನನ್ನ ಉಗುರನ್ನು ದೂರದಿಂದ ಕೋಲಿನ ತುದಿಯಲ್ಲಿ ಎತ್ತಿ ನೋಡುತ್ತಿದ್ದರು. ಹೊಲಸು ನನ್ನ ಮೈಮೇಲೆ ಇರಲಿಲ್ಲ, ಅವರ ಕಣ್ಣಿನಲ್ಲಿತ್ತು. ಅವ್ವ ತಿಕ್ಕಿದ್ದು ಮಾತ್ರ ನನ್ನ ಚರ್ಮವನ್ನು.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಕುಡಿದರು. ಆಮೇಲೆ ಅಲ್ಲಿನ ಸವರ್ಣೀಯರು 108 ಮಡಕೆ ಸಗಣಿ, ಗಂಜಲ, ಹಾಲು, ಮೊಸರು ಸುರಿದು ಆ ಕೆರೆಯನ್ನು ‘ಶುದ್ಧ’ ಮಾಡಿದರು. ದನ ಕುಡಿದರೆ ಕೆಡದ ನೀರು ಮನುಷ್ಯ ಕುಡಿದರೆ ಕೆಟ್ಟಿತಂತೆ! ಶುದ್ಧಿ ಎಂಬ ಮಾತು ನಮ್ಮ ಮೇಲೆ ಹೀಗೆ ಬಂದು ಬಿದ್ದದ್ದು.

ಇದನ್ನೆಲ್ಲ ಮಗಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವ್ವಾ, ನೀ ನನಗೂ ಹಂಗೇ ತಿಕ್ಕಿದಿ” ಎಂದಳು. ನನಗೆ ತಕ್ಷಣ ಹೊಳೆಯಿತು: ಅಲ್ಲಿಗೆ ಬಂದ ದಿನದಿಂದ ನಾನು ಪ್ರತಿ ಬೆಳಗ್ಗೆ ಮೊಮ್ಮಗಳ ಕುತ್ತಿಗೆ, ಉಗುರು, ಕಾಲರ್ ನೋಡುತ್ತಿದ್ದೆ. ಆ ಶಾಲೆಯಲ್ಲಿ ಅವಳನ್ನು ಹಾಗೆ ನೋಡುವ ಮಾಸ್ತರರಿಲ್ಲ. ಆದರೂ ಕೋಲನ್ನು ನಾನೇ ಹಿಡಿದು ಅಲ್ಲಿಗೂ ಹೋಗಿದ್ದೆ. ಕೊನೆಗೆ ಆ ಭಯದ ನೀರನ್ನು ಒಂದು ಮೂಕ ಪ್ರಾಣಿಯ ಮೇಲೂ ಹೊಯ್ದಿದ್ದೆ.

🪷 *ಭಗವಾನರು ಏನು ಮಾಡಿದರು?*

ಚೂಳಪಂಥಕರ ಕಥೆ ನಮಗೆ ಗೊತ್ತು. ನಾಲ್ಕು ತಿಂಗಳಾದರೂ ಒಂದು ಗಾಥೆ ಬಾಯಿಗೆ ಬರಲಿಲ್ಲ. ಅಣ್ಣ ಮಹಾಪಂಥಕರು, ನೀನು ಸಂಘಕ್ಕೆ ತಕ್ಕವನಲ್ಲ ಎಂದು ಹೊರಗೆ ಕಳಿಸಿದರು. ಅಳುತ್ತ ನಿಂತವನನ್ನು ಭಗವಾನರು ಕರೆದು, ಒಂದು ಬಿಳಿ ಬಟ್ಟೆ ಕೊಟ್ಟು, ಧೂಳು ತೆಗೆಯುವ ಮಾತು ಹೇಳಿಕೊಳ್ಳುತ್ತ ಇದನ್ನು ಉಜ್ಜುತ್ತ ಕೂಡು ಎಂದರು. ಉಜ್ಜುತ್ತ ಉಜ್ಜುತ್ತ ಬಟ್ಟೆ ಮಾಸಿತು. ಎಲ್ಲವೂ ಬದಲಾಗುತ್ತದೆ, ನಿಜವಾದ ಧೂಳು ರಾಗ, ದ್ವೇಷ, ಮೋಹ ಎಂದು ಅವರಿಗೆ ಅರಿವಾಯಿತು. ಅವರು ಅರಹಂತರಾದರು.

ಇನ್ನೊಂದು ಪ್ರಸಂಗ. ಹೊಟ್ಟೆನೋವು, ಭೇದಿಯಿಂದ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ ಭಿಕ್ಷುವನ್ನು ಯಾರೂ ನೋಡುತ್ತಿರಲಿಲ್ಲ. ಭಗವಾನರು ಆನಂದರಿಂದ ನೀರು ತರಿಸಿ, ತಾವು ನೀರು ಹೊಯ್ದು, ಇಬ್ಬರೂ ಸೇರಿ ಅವನ ಮೈ ತೊಳೆದು, ಎತ್ತಿ ಮಂಚದ ಮೇಲೆ ಮಲಗಿಸಿದರು.

ಒಬ್ಬನಿಗೆ ನೀರು ಬೇಕಿತ್ತು, ಕೊಟ್ಟರು. ಒಬ್ಬನಿಗೆ ಬಟ್ಟೆಯ ತುಂಡು ಬೇಕಿತ್ತು, ಅದನ್ನು ಕೊಟ್ಟರು. ಅಣ್ಣನಿಗೂ ತಮ್ಮನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಅವರ ಕೈಯಲ್ಲಿದ್ದದ್ದು ಒಂದೇ ಅಳತೆಗೋಲು. ಭಗವಾನರು ಮೊದಲು ಎದುರಿನವನನ್ನು ನೋಡಿದರು.

ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಪ್ರಜ್ಞೆ, ಶೀಲ, ಕರುಣೆ, ಮೈತ್ರಿಗಳನ್ನು ಒಂದಕ್ಕೊಂದು ಬೆಸೆದು ಹೇಳುತ್ತಾರೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಎಲ್ಲ ಜೀವಿಗಳಿಗೂ ದಯೆ ತೋರಿ ಪಾಲಿಸುತ್ತೇನೆ ಎಂಬುದೂ ಒಂದು. ಆ ದಿನ ನನ್ನಲ್ಲಿ ದಯೆ ಇತ್ತು. ತಿಳಿದುಕೊಳ್ಳುವ ವ್ಯವಧಾನ ಇರಲಿಲ್ಲ. ಪ್ರಜ್ಞೆ ಇಲ್ಲದ ನನ್ನ ದಯೆಯಿಂದ ಒಂದು ಜೀವ ಹೋಗುವುದರಲ್ಲಿತ್ತು.

🐾 *ನಾನು ಕಲಿತ ಆರೈಕೆ*

ಉಳಿದ ಎರಡು ತಿಂಗಳು ಮೊಮ್ಮಗಳೇ ನನಗೆ ಗುರು.

▪️ ಪುಡಿ ಹಿಟ್ಟಿನಷ್ಟು ನುಣ್ಣಗಿರಬೇಕು. ಅಂಗಳದ ಮರಳು ನಡೆಯದು, ಅದು ಕೂದಲು ಕಡಿಯುತ್ತದೆ. ಬೋಗುಣಿಯಲ್ಲಿ ಎರಡು ಮೂರು ಬೆರಳಿನಷ್ಟು ಆಳ ಸಾಕು.

▪️ ವಾರಕ್ಕೆ ಎರಡು ಮೂರು ಸಲ, ಸಂಜೆ ಅದು ಎಚ್ಚರಾದ ಮೇಲೆ, 10–15 ನಿಮಿಷ. ಆಮೇಲೆ ಬೋಗುಣಿ ತೆಗೆಯಬೇಕು. ಅತಿಯಾದರೆ ಚರ್ಮ ಒಣಗುತ್ತದೆ, ಕಣ್ಣು ಉರಿಯುತ್ತದೆ. ಒಳ್ಳೆಯದಕ್ಕೂ ಮಿತಿ ಇದೆ, ಮಧ್ಯಮ ಮಾರ್ಗ ಇಲ್ಲೂ ಬೇಕು.

▪️ ಎತ್ತುವಾಗ ಎರಡೂ ಕೈ. ಒಂದು ಎದೆಯ ಕೆಳಗೆ, ಒಂದು ಹಿಂಭಾಗಕ್ಕೆ ಆಸರೆ. ಹಿಸುಕಬಾರದು, ಕೂದಲು ಹಿಡಿದು ಎಳೆಯಬಾರದು.

▪️ ಕೂದಲು ಉದುರುವ ಕಾಲದಲ್ಲಿ ಮಾತ್ರ ಸಣ್ಣ ಹಲ್ಲಿನ ಬಾಚಣಿಗೆ, ಸ್ವಲ್ಪ ಸ್ವಲ್ಪವೇ, ಅದು ಸಹಿಸುವಷ್ಟು ಹೊತ್ತು.

▪️ ತನ್ನ ಕೂದಲನ್ನು ತಾನೇ ಕಡಿದುಕೊಳ್ಳತೊಡಗಿದರೆ ಬೈಯಬಾರದು. ಅದು ಹಲವು ಸಲ ಭಯದ, ಬೇಸರದ, ಇಕ್ಕಟ್ಟಿನ ಗುರುತು. ಕಾರಣ ಹುಡುಕಬೇಕು, ವೈದ್ಯರಿಗೆ ತೋರಿಸಬೇಕು.

▪️ 25 ಡಿಗ್ರಿ ದಾಟಿದ ಸೆಖೆ ಅದಕ್ಕೆ ಅಪಾಯ. ಆದ್ದರಿಂದ ಬಂಧುಗಳೇ, ಮುದ್ದಾಗಿದೆ ಎಂದು ಯಾರೂ ನಮ್ಮ ಕಲಬುರಗಿ ಬಿಸಿಲಿಗೆ ಇದನ್ನು ತರಬೇಡಿ. ತರದಿರುವುದೂ ಮೈತ್ರಿಯೇ.

ಬೂದಿಯ ಮೈಮೇಲಿನ ಬೋಳು ತೇಪೆ ತುಂಬಲು ತಿಂಗಳುಗಳು ಹಿಡಿದವು. ಅದು ನನ್ನನ್ನು ಕಂಡರೆ ಮೂಲೆ ಸೇರುತ್ತಿತ್ತು. ನಾನು ಕೈ ಚಾಚಲಿಲ್ಲ. ದಿನವೂ ಗೂಡಿನ ಬಳಿ ಸುಮ್ಮನೆ ಕೂತು ಆನಾಪಾನ ಮಾಡಿದೆ. ಹೊರಡುವ ಹಿಂದಿನ ವಾರ ಅದಾಗಿಯೇ ಬಂದು ನನ್ನ ಬೆರಳು ಮೂಸಿತು. ಊರಿಗೆ ಹೊರಟ ಬೆಳಗ್ಗೆ ಮೊಮ್ಮಗಳು ಶಾಲೆಗೆ ಸಿದ್ಧಳಾಗಿ ಬಂದಳು. ಕಾಲರ್‌ಗೆ ಜಾಮ್ ಹತ್ತಿತ್ತು. ನನ್ನ ಕಣ್ಣಿಗೆ ಬಿತ್ತು. ಕೈ ಮುಂದೆ ಹೋಯಿತು. ಅಪ್ಪಿಕೊಂಡು ಕಳಿಸಿದೆ.

🧘🏽‍♀️ *ಇಂದಿನ ಅಭ್ಯಾಸ*

ಇಂದು ಯಾರಿಗಾದರೂ ಒಳ್ಳೆಯದು ಮಾಡಲು ಕೈ ಚಾಚುವ ಮೊದಲು, ಮಗುವಾಗಲಿ, ಸೊಸೆಯಾಗಲಿ, ವಯಸ್ಸಾದ ತಂದೆತಾಯಿಯಾಗಲಿ, ಬೀದಿಯ ನಾಯಿಯಾಗಲಿ, ಮೂರು ಉಸಿರಿನಷ್ಟು ನಿಲ್ಲೋಣ. ಇದು ಅವರಿಗೆ ಬೇಕಾದದ್ದೇ, ನನ್ನ ಹಳೆಯ ಭಯವೇ ಎಂದು ಕೇಳಿಕೊಳ್ಳೋಣ. ಬಾಯಿ ಇರುವವರನ್ನು ಬಾಯಿಬಿಟ್ಟು ಕೇಳೋಣ. ಬಾಯಿ ಇಲ್ಲದ ಜೀವವನ್ನು ನೋಡಿ, ಬಲ್ಲವರಿಂದ ತಿಳಿಯೋಣ.

ನಮ್ಮ ಅವ್ವಂದಿರು ನಮ್ಮನ್ನು ತಿಕ್ಕಿದ್ದು ಪ್ರೀತಿಯಿಂದ. ಅವರಿಗೆ ಶರಣು. ಆ ಇಟ್ಟಿಗೆ ಚೂರನ್ನು ಇನ್ನು ಕೆಳಗಿಡೋಣ.

ಸಾಧು, ಸಾಧು, ಸಾಧು.

ನಮೋ ಬುದ್ಧಾಯ 🪷 ಜೈ ಭೀಮ್ 💙

_ನಿಮ್ಮ ಅನುಭವವನ್ನು ಭಾನುವಾರದ ವಂದನೆಯ ನಂತರ ಹಂಚಿಕೊಳ್ಳಿ. ಇಷ್ಟವಾದರೆ ಇತರ ಬಂಧುಗಳಿಗೂ ಕಳಿಸಿ._