ಕಾಯುವವರ ಒಪ್ಪಿಗೆ

1924ರ ಜೂನ್ 8ರಂದು ಜಾರ್ಜ್ ಮಲ್ಲೊರಿ ಎವರೆಸ್ಟಿನಲ್ಲಿ ಕಣ್ಮರೆಯಾದ. ಹೆಂಡತಿ ರೂತ್‌ಳ ಭಾವಚಿತ್ರವನ್ನು ಶಿಖರದಲ್ಲಿಟ್ಟು ಬರುತ್ತೇನೆ ಎಂದಿದ್ದನಂತೆ. 1999ರಲ್ಲಿ ದೇಹ ಸಿಕ್ಕಾಗ ಆ ಚಿತ್ರವಿರಲಿಲ್ಲ. ತುದಿ ಮುಟ್ಟಿದನೇ ಎಂದು ಜಗತ್ತು ಇನ್ನೂ ಕೇಳುತ್ತಿದೆ.

ತಾನಿಸ್ ರೈಡೌಟ್ ಅವರ ‘ಅಬೌವ್ ಆಲ್ ಥಿಂಗ್ಸ್’ ಕಾದಂಬರಿ ಓದಿದ ಮೇಲೆ ಆ ಪ್ರಶ್ನೆ ನನಗೆ ಚಿಕ್ಕದೆನಿಸಿತು. ಅಲ್ಲಿ ಅವನ ಏರಿಕೆಯ ಪಕ್ಕದಲ್ಲೇ, ಕೇಂಬ್ರಿಜ್‌ನಲ್ಲಿ ಮೂವರು ಮಕ್ಕಳೊಂದಿಗೆ ಕಾಯುವ ರೂತ್‌ಳ ಒಂದು ದಿನವಿದೆ.

ಅವಳು ಒಪ್ಪಿಯೇ ಕಳಿಸಿದ್ದಳಲ್ಲ ಎನ್ನಬಹುದು. ನಿಜ. ಆದರೆ ಪ್ರೀತಿಸುವವರು ಬೇಡವೆಂದರೆ ಕನಸು ಕೊಂದ ಆರೋಪ, ಹೂಂ ಎಂದರೆ ಕಾಯುವ ಶಿಕ್ಷೆ. ಇಂಥಲ್ಲಿ ಸಿಕ್ಕ ಒಪ್ಪಿಗೆಯಿಂದ ಹೊರಟವರ ಹೊಣೆ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ.

‘ಇದೊಂದು ಅಧ್ಯಾಯ ಮುಗಿಯಲಿ, ಊರಿಗೆ ಬರ್ತೀನಿ’ ಎಂದು ಅಮ್ಮನಿಗೆ ಎರಡು ವರ್ಷದಿಂದ ಹೇಳುತ್ತಿದ್ದೇನೆ. ‘ಆಗಲಿ’ ಎನ್ನುತ್ತಾಳೆ. ಅದನ್ನು ಒಪ್ಪಿಗೆಯೆಂದೇ ಎಣಿಸಿದ್ದೆ.